ಕುಲುಮೆಯಲ್ಲಿ ಹೇಳುವ ಹೆಸರು

ನಮ್ಮೂರಲ್ಲಿ ಹೊಸ ಸೀರೆಯನ್ನು ಮಧ್ಯಾಹ್ನದ ಮೇಲೆ ಉಡುತ್ತಾರೆ. ಮಗುವಿಗೆ ಹಲ್ಲು ಬಂದದ್ದು, ಮಗಳಿಗೆ ಗಂಡು ಗೊತ್ತಾದದ್ದು, ನೆಂಟರು ಹಲಸಿನಹಣ್ಣು ಕಳಿಸಿದ್ದು, ಎಲ್ಲ ಸುದ್ದಿಯೂ ಊಟವಾದ ಮೇಲೆಯೇ ಬೀದಿಗೆ ಬರುವುದು. ಬೆಳಗಿನ ಹೊತ್ತು ಮನೆಮನೆಯ ಒಲೆಯ ಮೇಲೂ ಹಂಡೆ ಇರುತ್ತದೆ. ಹಂಡೆಯ ಮುಂದೆ ನಿಂತವಳ ಕಿವಿಗೆ ಇನ್ನೊಬ್ಬರ ಸುಖ ಬೀಳಬಾರದು. ಅದಕ್ಕೇ ಬೆಳಗ್ಗೆ ಎದುರಾದವರು ‘ಹೇಗಿದ್ದೀರಿ’ ಎಂದರೆ ‘ಏನೋ, ಮಂಡಿನೋವು’ ಎನ್ನುವುದು ಇಲ್ಲಿಯ ಮರ್ಯಾದೆ. ಮಂಡಿ ನೋಯದವರೂ ಹಾಗೆಯೇ ಹೇಳುತ್ತಾರೆ. ಹೊರಗಿನಿಂದ ಬಂದ ಒಬ್ಬ ವೈದ್ಯ ಇದನ್ನು ನಂಬಿ ಇಲ್ಲಿ ದವಾಖಾನೆ ತೆರೆದು, ಮಳೆಗಾಲ ಮುಗಿಯುವುದರೊಳಗೆ ಬಾಗಿಲು ಹಾಕಿಕೊಂಡು ಹೋದ.

ಊರಿಗೆ ಇರುವುದು ಒಂದೇ ಕಸುಬು. ಉಪ್ಪುಕೆರೆಯಿಂದ ಕೆಂಪು ಪಾಚಿಯನ್ನು ಎಳೆದು ತರುತ್ತೇವೆ. ಹೊಲದ ಕಡೆಯವರು ಜೋಳದ ದಿಂಡು, ಕಬ್ಬಿನ ಸಿಪ್ಪೆ ತಂದು ಸುರಿಯುತ್ತಾರೆ. ಇವನ್ನೆಲ್ಲ ಕುದಿಸಿದರೆ ಒಳಗೆ ಅಡಗಿದ್ದ ಸಕ್ಕರೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ಸಿಹಿನೀರಿಗೆ ಬಲೆಚೀಲದಲ್ಲಿ ಕಟ್ಟಿದ ಹುಳಿಗಲ್ಲನ್ನು ಇಳಿಬಿಟ್ಟು ಕಾಯಿಸಿದರೆ, ಸಕ್ಕರೆ ತನ್ನ ಮೈಯೊಳಗಿನ ನೀರನ್ನು ಕಳೆದುಕೊಂಡು ಹಳದಿ ಸಾರವಾಗಿ ತಿರುಗುತ್ತದೆ. ಗುಡ್ಡದಾಚೆ ಆ ಸಾರದಿಂದ ಬಾಚಣಿಗೆ, ವಾರ್ನಿಷು, ಅಂಗಿಯ ಗುಂಡಿ, ಔಷಧದ ಸೀಸೆ ಎಲ್ಲ ಮಾಡುತ್ತಾರಂತೆ. ನಾವು ಕಂಡಿಲ್ಲ. ಅಂಗಡಿಗೆ ಹೊಸ ಬಾಚಣಿಗೆ ಬಂದರೆ ಮೂಸಿ ನೋಡಿ ‘ನಮ್ಮದೇ’ ಎನ್ನುತ್ತೇವೆ. ಹುಳಿಗಲ್ಲು ಬೆಲ್ಲದಚ್ಚಿನಷ್ಟು ದಪ್ಪ, ಬೆಳ್ಳಗೆ, ನಾಲಿಗೆಗೆ ತಾಗಿಸಿದರೆ ಹುಣಿಸೆಹಣ್ಣನ್ನೂ ಮೀರಿಸುವ ಹುಳಿ. ಅತ್ತೆಯಿಂದ ಸೊಸೆಗೆ ಬರುತ್ತದೆ. ಸಕ್ಕರೆಯ ಜಾತಿಯನ್ನೇ ಕೆಡಿಸುವ ಈ ಕಲ್ಲು ತಾನು ಮಾತ್ರ ಕರಗುವುದಿಲ್ಲ, ಸವೆಯುವುದಿಲ್ಲ. ಒಳಗೆ ಹೋದ ಹಾಗೆಯೇ ಹೊರಗೆ ಬರುತ್ತದೆ. ನಮ್ಮ ಮಾವನವರೂ ಹೀಗೇ ಇದ್ದರು. ಮದುವೆಮನೆಗೆ ಹೋಗಿ, ಕಂಡಕಂಡವರನ್ನೆಲ್ಲ ಕೆಲಸಕ್ಕೆ ಹಚ್ಚಿ, ಪಂಚೆಯ ಮಡಿಕೆಯೂ ಕೆಡದಂತೆ ವಾಪಸು ಬರುತ್ತಿದ್ದರು.

ಆದರೆ ಹಂಡೆಯ ಮುಂದೆ ನಿಂತವಳಿಗೆ ಹೊಟ್ಟೆಕಿಚ್ಚು ಹತ್ತಿತೋ, ಸಾರ ಹಳದಿಯಲ್ಲಿ ನಿಲ್ಲುವುದಿಲ್ಲ. ಕಪ್ಪಾಗಿ, ಮಂದವಾಗಿ, ಡಾಂಬರಾಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಆ ಕಪ್ಪು ತೊಳೆದರೂ ಹೋಗದು, ಉಜ್ಜಿದರೂ ಹೋಗದು. ಕಲ್ಲನ್ನು ಚೌಕದ ಕುಲುಮೆಗೆ ಒಯ್ದು ಕೆಂಪಗೆ ಕಾಯಿಸಿ ಸುಡಬೇಕು. ಕುಲುಮೆಯ ಬಸಲಿಂಗ ಕಲ್ಲನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಊರಿಗೆ ಊರೇ ಕೇಳುವ ಹಾಗೆ, “ಯಾರ ಮೇಲೆ?” ಎನ್ನುತ್ತಾನೆ. ಹೆಸರು ಹೇಳಬೇಕು. ಹೇಳಿಸಿಕೊಂಡವರು ಬಂದು ತಿದಿ ಒತ್ತಿ ಬೆಂಕಿಗೆ ಗಾಳಿ ಊದಬೇಕು. ಯಾಕೆ ಎಂದು ಯಾರೂ ಯಾರನ್ನೂ ಕೇಳುವ ಪದ್ಧತಿ ಇಲ್ಲ.

ಇದರಿಂದ ಊರು ನಾಚಿಕೆಯಿಂದ ಸತ್ತುಹೋಗಬೇಕಾಗಿತ್ತು. ಹೋಗಲಿಲ್ಲ. ಮನುಷ್ಯರು ಎಂಥದಕ್ಕೂ ಹೊಂದಿಕೊಂಡು, ಆಮೇಲೆ ಅದರಲ್ಲೇ ಒಂದು ಅಂತಸ್ತು ಕಟ್ಟಿಕೊಳ್ಳುತ್ತಾರೆ. ತಿದಿಗೆ ಕರೆಸಿಕೊಳ್ಳುವುದು ನಮ್ಮಲ್ಲಿ ದೊಡ್ಡಸ್ತಿಕೆ. ಹೆಣ್ಣು ನೋಡಲು ಬಂದವರು ಬಂಗಾರದ ಮಾತಿಗೆ ಮೊದಲು, “ಹುಡುಗಿಯ ತಾಯಿಯನ್ನು ತಿದಿಗೆ ಕರೀತಾರಾ?” ಎಂದು ವಿಚಾರಿಸುತ್ತಾರೆ. ಜೊತೆಗೆ ಇನ್ನೊಂದು ಉಪಾಯವೂ ಹುಟ್ಟಿತು. ನಿಜವಾಗಿ ಯಾರ ಮೇಲೆ ಹೊಟ್ಟೆ ಉರಿಯಿತೋ ಅವರ ಹೆಸರು ಹೇಳಿ ಅವರನ್ನು ಇನ್ನಷ್ಟು ಮೆರೆಸುವ ಬದಲು, ಯಾರಿಗೂ ನೋಯದ ಒಂದು ಹೆಸರನ್ನು ಇಟ್ಟುಕೊಳ್ಳುವುದು. ಇದಕ್ಕೆ ಮೆತ್ತನೆ ಹೆಸರು ಎನ್ನುತ್ತೇವೆ. ಮೆತ್ತನೆ ಹೆಸರು ಹೇಳಿ ಸುಟ್ಟ ಕಲ್ಲು ಪೂರ್ತಿ ಬೆಳ್ಳಗಾಗುವುದಿಲ್ಲ, ಬೂದುಬಣ್ಣಕ್ಕೆ ನಿಲ್ಲುತ್ತದೆ. ಅದರಿಂದ ಸಾರ ತುಸು ತೆಳ್ಳಗೆ ಬರುತ್ತದೆ. ಮನೆಯ ಹಂಡೆಗೆ ಅಷ್ಟು ಸಾಕು. ಅರ್ಧ ಊರಿನ ಕಲ್ಲು ಬೂದಿಯೇ.

ನನ್ನ ಮೆತ್ತನೆ ಹೆಸರು ದೊರೆಸ್ವಾಮಿ. ಕಲ್ಲಿಗೆ ಬಲೆಚೀಲ ಹೊಲಿದುಕೊಡುವ ದರ್ಜಿ, ಮದುವೆಯಾಗಲಿಲ್ಲ, ಮುದುಕನಾಗುವುದನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಬಾಯಿ ತೆರೆದುಕೊಂಡು ಮಲಗುತ್ತಾನೆ. ಅವನಲ್ಲಿ ಅಸೂಯೆಪಡುವಂಥದ್ದು ಏನಾದರೂ ಇದ್ದರೆ ಅದು ನೊಣಗಳಿಗೆ ಗೊತ್ತು. ಬಸಲಿಂಗ “ಯಾರ ಮೇಲೆ?” ಎಂದಾಗಲೆಲ್ಲ ನಾನು “ದೊರೆಸ್ವಾಮಿ” ಎನ್ನುತ್ತಿದ್ದೆ. ಅವನು ತಲೆ ಬಾಚಿಕೊಂಡು, ಮಡಿಸಿದ ಶಾಲು ಹೆಗಲಿಗೆ ಹಾಕಿಕೊಂಡು ಬಂದು, ಜನರತ್ತ ಒಮ್ಮೆ ನೋಡಿ, ಗಂಭೀರವಾಗಿ ತಿದಿ ಒತ್ತುತ್ತಿದ್ದ. ಮೆತ್ತನೆ ಹೆಸರು ಎಂಬುದೊಂದು ಇದೆಯೆಂದು ಊರಿಗೆಲ್ಲ ಗೊತ್ತು. ತಾನೇ ಒಬ್ಬರ ಮೆತ್ತನೆ ಹೆಸರು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನಾನು ನಿಜವಾಗಿ ಹೇಳಬೇಕಾಗಿದ್ದ ಹೆಸರು ಕಸ್ತೂರಿ. ಗೋಡೆಗೆ ಗೋಡೆ ತಾಗಿದ ಮನೆ. ಹಂಡೆಯ ಕೆಲಸ ಅವಳಿಗೆ ಕಲಿಸಿದ್ದು ನಾನು. ನೊರೆಯ ದೊಡ್ಡ ಕಣ್ಣುಗಳು ಸಣ್ಣ ಕಣ್ಣುಗಳಾಗುವುದನ್ನು ನೋಡಬೇಕು, ನೆನೆದ ಹುಲ್ಲಿನ ವಾಸನೆ ಹೋಗಿ ಹುರಿದ ಬಾದಾಮಿಯ ವಾಸನೆ ಬಂದ ಕೂಡಲೇ ಕಲ್ಲನ್ನು ಎತ್ತಬೇಕು, ತಡಮಾಡಿದರೆ ಹೊಟ್ಟೆಕಿಚ್ಚಿಲ್ಲದಿದ್ದರೂ ಕರಿಯಾಗುತ್ತದೆ, ಮೊದಲೇ ಎತ್ತಿದರೆ ಸಕ್ಕರೆ ಹಾಗೇ ಉಳಿಯುತ್ತದೆ. ಇಷ್ಟನ್ನೂ ನಾನು ಬೆರಳು ಸುಟ್ಟುಕೊಂಡು ಕಲಿತೆ. ಅವಳು ಬೀದಿಯವರ ಜೊತೆ ಹರಟುತ್ತ, ಹಿಂದೆ ತಿರುಗಿಯೂ ನೋಡದೆ ಕಲ್ಲು ಎತ್ತುತ್ತಾಳೆ. ಸಾರ ಚಿನ್ನದ ಹಾಗೆ ಇರುತ್ತದೆ. ನನ್ನ ಕರಿಬೇವಿನ ಗಿಡ ಒಣಗುತ್ತದೆ, ಗೋಡೆಯಾಚೆ ಅವಳದ್ದು ಮರವಾಗುತ್ತದೆ. ಅವಳ ಗಂಡ ಸಂತೆಯಿಂದ ಹೂವು ತರುತ್ತಾನೆ, ನನ್ನ ಗಂಡ ಅಭಿಪ್ರಾಯಗಳನ್ನು ತರುತ್ತಾನೆ. ಅವಳು ನಕ್ಕರೆ ಬೀದಿಯಲ್ಲಿ ಹೋಗುವವರು ಕಾರಣ ತಿಳಿಯದೆ ತಾವೂ ನಗುತ್ತಾರೆ. ವಾರಕ್ಕೊಮ್ಮೆಯಾದರೂ ಯಾರೋ ಅವಳನ್ನು ತಿದಿಗೆ ಕರೆಯುತ್ತಾರೆ. ಕೂರುವ ಕಲ್ಲು ಗಟ್ಟಿ ಎಂದು ಅವಳು ಒಂದು ದಿಂಬು ಹೊಲಿಸಿಕೊಂಡು, ಅದನ್ನು ಕುಲುಮೆಯ ಮೂಲೆಯಲ್ಲೇ ಇಟ್ಟಿದ್ದಾಳೆ. ಆ ದಿಂಬನ್ನು ಕಂಡರೆ ನನಗೆ ಆಗುತ್ತಿದ್ದ ಸಂಕಟವನ್ನು ಬರೆಯಲು ಹೋದರೆ ಶಾಯಿಯೂ ಡಾಂಬರಾಗುತ್ತದೆ. ನನ್ನ ಹೆಸರನ್ನು ಆ ಚೌಕದಲ್ಲಿ ಇಲ್ಲಿಯವರೆಗೂ ಯಾರೂ ಹೇಳಿಲ್ಲ.

ಹೀಗಿರುವಾಗ ಸಿದ್ದಜ್ಜಿಯ ಮೂಗು ಹೋಯಿತು. ಸಿದ್ದಜ್ಜಿ ದೊಡ್ಡ ಹಂಡೆಯ ಒಡತಿ. ಊರಿನ ಅರ್ಧ ಪಾಚಿ ಬೇಯುವುದು ದೊಡ್ಡ ಹಂಡೆಯಲ್ಲಿ, ಅದಕ್ಕೆ ಇಳಿಯುವುದು ಒಡತಿಯ ಕಲ್ಲು. ಒಂದು ನೆಗಡಿ ಬಂದು ಹೋದ ಮೇಲೆ ಅಜ್ಜಿಗೆ ಹುಲ್ಲೂ ಒಂದೇ ಬಾದಾಮಿಯೂ ಒಂದೇ ಆಯಿತು. “ಇನ್ನು ನನ್ನ ಕೈಲಾಗದು. ಅಂಬುಜೆ ಒಂದು ಹಂಡೆ ಬೇಯಿಸಲಿ, ಕಸ್ತೂರಿ ಒಂದು ಹಂಡೆ ಬೇಯಿಸಲಿ. ಯಾರದ್ದು ಚೆನ್ನಾಗಿ ಬರುತ್ತೋ ಅವಳ ಕೈಗೆ ದೊಡ್ಡ ಹಂಡೆಯ ಸೌಟು ಕೊಡ್ತೀನಿ,” ಎಂದಳು. ಅಂಬುಜೆ ಅಂದರೆ ನಾನೇ.

ಆ ಸೌಟನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಹಲಸಿನ ಮರದ್ದು, ಆಳೆತ್ತರದ್ದು, ಹಿಡಿಯುವ ಕಡೆ ತಲೆತಲೆಮಾರಿನ ಕೈ ಸವರಿ ಕನ್ನಡಿಯಂತೆ ನುಣುಪು. ಬೇರೆ ಹೆಣ್ಣುಮಕ್ಕಳು ವಾಲೆ ಝುಮಕಿ ಬಯಸುವ ವಯಸ್ಸಿನಲ್ಲಿ ನಾನು ಅದನ್ನು ಬಯಸಿದೆ. ಉಳಿದದ್ದೆಲ್ಲ ಕಸ್ತೂರಿಗೆ ಹೋಗಲಿ, ಇದೊಂದು ನನ್ನದಾಗಲಿ ಎಂದು ದೇವರಿಗೆ ಹೇಳಿಕೊಂಡೆ. ದೇವರು ಕಸ್ತೂರಿಯ ಜೊತೆಯೂ ಮಾತಾಡುತ್ತಾನೆ ಎಂಬುದೊಂದು ಅನುಮಾನವಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಚೌಕದಲ್ಲಿ ಎರಡು ಹಂಡೆ ಇಟ್ಟರು. ಸಿದ್ದಜ್ಜಿ ಕಲ್ಲುಗಳನ್ನು ತರಿಸಿ ನೋಡಿದಳು. ಕಸ್ತೂರಿಯ ಕಲ್ಲು ತುಂಬೆಹೂವಿನ ಹಾಗಿತ್ತು. ನನ್ನದನ್ನು ಉಗುರಿನಿಂದ ತಟ್ಟಿದಳು. ಕಲ್ಲು ಹಸಿ ಮಡಕೆಯ ಹಾಗೆ ದಬ್ ಎಂದಿತು.

“ಇದು ಬೂದಿ ಕಣೇ ಅಂಬುಜೆ. ಒಳಗೆಲ್ಲ ಹಳೇ ಕಪ್ಪು ಕೂತಿದೆ.”

“ಊರಲ್ಲಿ ಯಾರದ್ದು ಬೂದಿ ಇಲ್ಲ, ಅಜ್ಜಿ?”

“ಮನೆ ಹಂಡೆಗೆ ನೀನು ಇದ್ದಿಲನ್ನೇ ಇಳಿಸ್ಕೋ, ನಾನ್ಯಾಕೆ ಕೇಳ್ಲಿ? ದೊಡ್ಡ ಹಂಡೆಗೆ ಬೂದಿಗಲ್ಲು ಇಳಿದರೆ ಊರಿನ ಪಾಚಿಯೆಲ್ಲ ಡಾಂಬರು. ಆಮೇಲೆ ರಸ್ತೆ ಹಾಕಿಸ್ಬೇಕು ಅಷ್ಟೆ. ಹೋಗು, ಸುಟ್ಟುಕೊಂಡು ಬಾ. ಈ ಸಲ ಸರಿಯಾದ ಹೆಸರು ಹೇಳು. ಇಲ್ಲಾಂದ್ರೆ ಮನೆಗೆ ಹೋಗು.”

ಕುಲುಮೆ ಹತ್ತು ಹೆಜ್ಜೆಯಾಚೆ. ಊರೆಲ್ಲ ಅಲ್ಲೇ ನೆರೆದಿತ್ತು. ಬಸಲಿಂಗ ಕಲ್ಲನ್ನು ಎತ್ತಿ ಹಿಡಿದು, ಎಷ್ಟೋ ಸಲ ಕೇಳಿ ಬೇಸತ್ತ ದನಿಯಲ್ಲಿ, “ಯಾರ ಮೇಲೆ?” ಎಂದ. ಉತ್ತರ ಎಲ್ಲರಿಗೂ ಗೊತ್ತಿತ್ತು. ದೊರೆಸ್ವಾಮಿ ಆಗಲೇ ಗುಂಪಿನಿಂದ ಹೊರಗೆ ಬಂದು, ಶಾಲಿನ ಅಂಚನ್ನು ಸರಿಮಾಡಿಕೊಳ್ಳುತ್ತ ಕುಲುಮೆಯ ಕಡೆ ನಡೆಯುತ್ತಿದ್ದ.

ಸೌಟು ಹಂಡೆಗೆ ಒರಗಿ ನಿಂತಿತ್ತು. ಬಿಸಿಲು ಅದರ ಹಿಡಿಕೆಯ ಮೇಲೆ ಬಿದ್ದಿತ್ತು.

“ಕಸ್ತೂರಿ,” ಎಂದೆ.

“ಜೋರಾಗಿ ಹೇಳಿ ಅಕ್ಕ,” ಎಂದ ಬಸಲಿಂಗ.

“ಕಸ್ತೂರಿ! ಕಿವಿ ಇಲ್ವೇನೋ ನಿನಗೆ?”

ಗುಂಪು ಒಮ್ಮೆಗೇ ಉಸಿರು ಬಿಟ್ಟಿತು. ನಡೆಯುತ್ತಿದ್ದ ದೊರೆಸ್ವಾಮಿ ನಿಂತ. ನೆಲದಲ್ಲಿ ಏನೋ ಬಿದ್ದಿದೆ ಎಂಬಂತೆ ಬಗ್ಗಿ ಹುಡುಕಿದ, ಸಿಗದ್ದನ್ನು ಎತ್ತಿಕೊಂಡವನಂತೆ ಕೈ ಮುಚ್ಚಿಕೊಂಡು ವಾಪಸು ಹೋದ. ಅದನ್ನು ನೋಡಿದೆ. ಅದರ ಬಗ್ಗೆ ಯೋಚಿಸಲು ಆಗ ಪುರುಸೊತ್ತಿರಲಿಲ್ಲ.

ಕಸ್ತೂರಿ ಬಂದು ದಿಂಬು ಕೊಡವಿ, ಕೂತು, ಬಳೆ ಮೇಲಕ್ಕೆ ಏರಿಸಿಕೊಂಡಳು. “ಅಂತೂ ಕರೆದೆಯಲ್ಲೇ! ನಾನೇನು ಪಾಪ ಮಾಡಿದೀನಿ ಅಂದ್ಕೊಂಡಿದ್ದೆ. ಊರೆಲ್ಲ ಕರೀತಾರೆ, ಗೋಡೆ ಪಕ್ಕದವಳು ಮಾತ್ರ ಆ ದರ್ಜಿ ಹಿಂದೆ ಬಿದ್ದಿದಾಳೆ.”

“ಸುಮ್ಮನೆ ಒತ್ತು.”

“ಕರಿಬೇವಿನ ಗಿಡಕ್ಕಾ?”

“ಯಾಕೆ ಅಂತ ಕೇಳೋ ಹಾಗಿಲ್ಲ.”

“ಕೇಳ್ತಿಲ್ಲ ಕಣೆ, ಊಹೆ ಮಾಡ್ತಿದೀನಿ. ಬುಡಕ್ಕೆ ಹುಳಿ ಮಜ್ಜಿಗೆ ಹಾಕು, ಹಬ್ಬುತ್ತೆ. ಈ ತಿದಿ ಯಾಕೋ ಕೀಚ್ ಕೀಚ್ ಅಂತಿದೆಯಲ್ಲೋ ಬಸಲಿಂಗ, ಎಣ್ಣೆ ಬಿಟ್ಟಿಲ್ವಾ?”

ಇಷ್ಟು ವರ್ಷ ಹೊಟ್ಟೆಯೊಳಗೆ ಕಾಪಾಡಿಕೊಂಡು ಬಂದ ಬೆಂಕಿ ಅವಳಿಗೆ ಮಜ್ಜಿಗೆಯ ವಿಷಯವಾಗಿತ್ತು. ಜಂಬ ಕೊಚ್ಚಿದ್ದರೆ ಚೆನ್ನಾಗಿತ್ತು, ಕನಿಕರ ತೋರಿಸಿದ್ದರೆ ಇನ್ನೂ ಚೆನ್ನಾಗಿತ್ತು. ದ್ವೇಷಿಸಲು ಏನಾದರೂ ಸಿಗುತ್ತಿತ್ತು. ಅವಳು ತಿದಿ ಒತ್ತುತ್ತ ತನ್ನ ಅತ್ತೆಯ ಹಲ್ಲುಸೆಟ್ಟಿನ ಕಥೆ ಹೇಳಿದಳು. ಕಲ್ಲು ಕೆಂಪಾಯಿತು, ಹೊಗೆಯಾಡಿತು, ಒಳಗಿನ ಹಳೆಯ ಕಪ್ಪೆಲ್ಲ ಚಟಚಟ ಸಿಡಿದು ಉರಿದುಹೋಯಿತು. ಬಸಲಿಂಗ ಹೊರಗೆ ತೆಗೆದಾಗ ಅದು ಅತ್ತೆ ನನ್ನ ಕೈಗೆ ಕೊಟ್ಟ ದಿನದಷ್ಟು ಬೆಳ್ಳಗಿತ್ತು. ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗಾಯಿತು.

ಆಮೇಲೆ ಬೇಯಿಸಿದೆವು. ಕಲ್ಲು ಸುಡುವುದರಲ್ಲಿ ಹೊತ್ತು ಹೋಗಿ ನನ್ನ ಒಲೆ ಹಚ್ಚುವುದು ತಡವಾಯಿತು. ಹೊಟ್ಟೆಕಿಚ್ಚು ಇರಲಿಲ್ಲ, ಅದನ್ನು ಪ್ರಮಾಣ ಮಾಡಿ ಹೇಳುತ್ತೇನೆ. ಕಲ್ಲಿನ ಜೊತೆ ಅದೂ ಉರಿದುಹೋಗಿತ್ತು. ಉಳಿದದ್ದು ಅಭ್ಯಾಸ. ಗೋಡೆಯಾಚೆ ನೋಡುವ ಅಭ್ಯಾಸ. ನೊರೆ ಇನ್ನೂ ದೊಡ್ಡ ಕಣ್ಣು ಬಿಟ್ಟುಕೊಂಡಿತ್ತು, ವಾಸನೆ ಇನ್ನೂ ಹುಲ್ಲಿನದೇ ಇತ್ತು. ಆದರೆ ಆಚೆ ಕಸ್ತೂರಿ ಯಾರದೋ ಮಾತಿಗೆ ಗೊಳ್ಳೆಂದು ನಗುತ್ತ ತನ್ನ ಕಲ್ಲನ್ನು ಎತ್ತಿದಳು. ನನ್ನ ಕೈಯೂ ಎತ್ತಿತು. ನಾನು ಹೇಳುವುದಕ್ಕೂ ಮೊದಲು ಎತ್ತಿಬಿಟ್ಟಿತ್ತು.

ಸಿದ್ದಜ್ಜಿ ಎರಡು ಹಂಡೆಯ ಸಾರವನ್ನೂ ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿದಳು. ಎರಡೂ ಹಳದಿ. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಮೂಗು ಹೋಗಿದ್ದರೂ ನಾಲಿಗೆಗೆ ಸಿಹಿ ಕಹಿ ತಿಳಿಯುತ್ತಿತ್ತು.

“ನಿನ್ನದರಲ್ಲಿ ಸಕ್ಕರೆ ಹಾಗೇ ಉಳಿದಿದೆಯಲ್ಲೇ, ಅಂಬುಜೆ.”

ನಾನು ಕಲ್ಲನ್ನು ಬಲೆಚೀಲದಿಂದ ಬಿಡಿಸಿ ಒರೆಸತೊಡಗಿದೆ.

“ಅವಳು ಒಂದು ಹಂಡೆ ಬೇಯಿಸಿದಳು. ನೀನು ಎರಡು ಹಂಡೆ ಬೇಯಿಸೋಕೆ ಹೋದೆ,” ಎಂದು ಅಜ್ಜಿ ಸೌಟನ್ನು ಕಸ್ತೂರಿಯ ಕೈಗೆ ಕೊಟ್ಟಳು. ಕಸ್ತೂರಿ ಅದನ್ನು ತೆಗೆದುಕೊಂಡು, “ಅಬ್ಬ, ಏನು ಭಾರ!” ಎಂದಳು. ಅವಳಿಗೆ ಕಂಡದ್ದು ಅಷ್ಟೇ.

ಸಂಜೆ ಗೋಡೆಯ ಮೇಲಿಂದ ತಲೆ ಹಾಕಿ, “ನನ್ನ ಜೊತೆಗೆ ನೀನೇ ನಿಲ್ಲಬೇಕು ಕಣೆ. ಎಲ್ಲ ಕಲಿಸಿದ್ದು ನೀನು. ನನಗೆ ಬೆನ್ನು ಬೇರೆ ನೋವು,” ಎಂದಳು. ಒಪ್ಪಿಕೊಂಡೆ. ಸೌಟನ್ನು ಹಿಡಿಯುವುದು ಆಗದಿದ್ದರೆ ಒರೆಸುವುದಾದರೂ ಆಗಲಿ ಎಂದು.

ದೊಡ್ಡ ಹಂಡೆಯ ಕೆಲಸ ಶುರುವಾಗಿ ಕೆಲವು ದಿನ ಕಳೆದಿತ್ತು. ಒಂದು ಬೆಳಗ್ಗೆ ಚೌಕದಲ್ಲಿ ನಗು ಎದ್ದಿತು. ಹಂಡೆಯ ಕಟ್ಟೆಯ ಮೇಲಿಂದ ನೋಡಿದರೆ ದೊರೆಸ್ವಾಮಿ ಕುಲುಮೆಯ ಮುಂದೆ ನಿಂತಿದ್ದ, ಶಾಲಿಲ್ಲದೆ. ಅವನ ಮನೆಯಲ್ಲಿ ಹಂಡೆಯೇ ಇಲ್ಲ. ತಾಯಿ ಸತ್ತ ಮೇಲೆ ಅವಳ ಕಲ್ಲನ್ನು ಅವನು ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟುಕೊಂಡಿದ್ದ. ಈಗ ಅದೇ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕಾಡಿಗೆಯ ಹಾಗೆ ಕರ್ರಗಿತ್ತು.

“ಇದನ್ನ ಯಾವುದರಲ್ಲಿ ಬೇಯಿಸಿದಿರಿ, ಸ್ವಾಮಿ?” ಎಂದು ಬಸಲಿಂಗನೇ ಕೇಳಿದ.

“ಕಾಫಿ ಚೊಂಬಲ್ಲಿ. ಸ್ವಲ್ಪ ಪಾಚಿನೀರು ಹಾಕಿ.”

ನಗು ಇನ್ನೊಮ್ಮೆ ಎದ್ದಿತು. ಬಸಲಿಂಗ ಇಕ್ಕಳ ಎತ್ತಿದ. “ಯಾರ ಮೇಲೆ?”

“ಕಸ್ತೂರಮ್ಮ,” ಎಂದ ದೊರೆಸ್ವಾಮಿ, ನಿಂತ ನಿಲುವಿನಲ್ಲೇ, ಅಂಗಡಿಯಲ್ಲಿ ದಾರದ ಉಂಡೆ ಕೇಳಿದ ಹಾಗೆ.

ನನ್ನ ಪಕ್ಕದಲ್ಲಿ ಕಸ್ತೂರಿ ಹಣೆ ಚಚ್ಚಿಕೊಂಡಳು. “ಅಯ್ಯೋ ರಾಮ, ಅವನೂನಾ? ಏನಿದೆ ಅಂತ ನನ್ನಲ್ಲಿ ಇವರಿಗೆಲ್ಲ!” ಹಂಡೆ ಕುದಿಯುತ್ತಿರುವಾಗ ಒಡತಿ ಕಟ್ಟೆ ಇಳಿಯುವ ಹಾಗಿಲ್ಲ, ತನ್ನ ಬದಲು ಯಾರನ್ನಾದರೂ ಕಳಿಸಬಹುದು. “ನೀನೇ ಹೋಗೇ. ನನ್ನ ದಿಂಬು ಅಲ್ಲೇ ಇದೆ, ಹಾಕ್ಕೋ.”

ಹೀಗೆ ನಾನು ಮೊದಲ ಬಾರಿ ತಿದಿಯ ಮುಂದೆ ಕೂತೆ, ಇನ್ನೊಬ್ಬಳ ಹೆಸರಿಗೆ, ಇನ್ನೊಬ್ಬಳ ದಿಂಬಿನ ಮೇಲೆ. ದಿಂಬು ಮೆತ್ತಗಿತ್ತು. ಅದಕ್ಕೂ ಒಂದು ಸಲ ಸಂಕಟವಾಯಿತು.

“ಈ ವಯಸ್ಸಲ್ಲಿ ನಿಮಗೆ ಯಾಕೆ ಬೇಕಿತ್ತು ಇದು?” ಎಂದೆ ಮೆಲ್ಲಗೆ.

“ಯಾಕೆ ಅಂತ ಕೇಳೋ ಪದ್ಧತಿ ಇಲ್ಲ, ಅಂಬುಜಮ್ಮನವರೇ,” ಎಂದ. “ಆದರೂ ಹೇಳ್ತೀನಿ. ಇಷ್ಟು ವರ್ಷ ಬೆಳಗಾದರೆ ಶಾಲು ಮಡಿಸಿ ಗೂಟಕ್ಕೆ ಹಾಕಿ ಕಾಯ್ತಿದ್ದೆ, ಇವತ್ತು ನಿಮ್ಮ ಹಂಡೆ ಕೆಡಬಹುದು ಅಂತ. ಚೀಲ ಹೊಲಿಯೋನಲ್ಲಿ ಏನೋ ಒಂದಿದೆ ಅಂತ ಊರಲ್ಲಿ ಒಬ್ಬರಿಗಾದರೂ ಕಂಡಿತಲ್ಲ ಅಂತ. ಅದೇನು ಅಂತ ನನಗೆ ಗೊತ್ತಾಗ್ಲಿಲ್ಲ. ಕನ್ನಡಿ ಮುಂದೆ ನಿಂತು ಹುಡುಕಿದೀನಿ. ಮೀಸೆನೋ ಏನೋ ಅಂತ ಅದಕ್ಕೆ ಎಣ್ಣೆನೂ ಹಚ್ಚಿದೆ. ಈಗ ಅದು, ಏನೇ ಇರಲಿ, ಕಸ್ತೂರಮ್ಮನ ಹತ್ತಿರ ಹೋಯ್ತು. ನನಗೆ ಹೊಟ್ಟೆ ಉರೀತು. ಬೇಯಿಸಿದೆ, ಬಂದೆ, ಹೇಳಿದೆ.”

ಸತ್ಯ ಹೇಳಬಹುದಾಗಿತ್ತು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಬಸಲಿಂಗ, “ಆಯ್ತು ನೋಡಿ,” ಎಂದು ಕಲ್ಲನ್ನು ಹೊರಗೆ ತೆಗೆದ. ತಿದಿಗೆ ಇನ್ನೂ ಸರಿಯಾಗಿ ಗಾಳಿಯೇ ತುಂಬಿರಲಿಲ್ಲ, ಕಲ್ಲು ಬೆಳ್ಳಗಾಗಿತ್ತು. ದೊರೆಸ್ವಾಮಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ನನಗೆ ಕೈಮುಗಿದು, ಮನೆಗೆ ಹೋದ. ಊಟ ಮಾಡಿ ಜಗುಲಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದನ್ನು ನಾನೇ ಕಂಡೆ. ಎಂಥ ನಿದ್ದೆ! ಎದೆಯಲ್ಲಿ ಏನೂ ಇಟ್ಟುಕೊಳ್ಳದವನ ನಿದ್ದೆ.

ಮರುದಿನ ಬೆಳಗ್ಗೆ, ದೊಡ್ಡ ಹಂಡೆಗೆ ಹೋಗುವ ಮೊದಲೇ, ನನ್ನ ಮನೆಯ ಹಂಡೆ ಕೆಟ್ಟಿತು. ಗೋಡೆಯಾಚೆ ಕಸ್ತೂರಿ ನಗಲೂ ಇಲ್ಲ, ಕರಿಬೇವು ಕಣ್ಣಿಗೆ ಬೀಳಲೂ ಇಲ್ಲ. ನೊರೆ ನೋಡುತ್ತ ನಿಂತಿದ್ದೆ, ಅಷ್ಟೆ. ಬೇಯಿಸಿದೆ, ಬಂದೆ, ಹೇಳಿದೆ ಎಂಬುದು ತಲೆಯಲ್ಲಿ ಸುತ್ತುತ್ತಿತ್ತು. ಅವನಿಗೆ ಒಂದು ಚೊಂಬು ನೀರು ಕುದಿಯುವಷ್ಟು ಹೊತ್ತು ಸಾಕಾದದ್ದಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು. ಅದೂ ಒಂದು ಸೌಟಿನ ಆಸೆಗೆ. ನೋಡುನೋಡುತ್ತಿದ್ದಂತೆ ಹಳದಿ ಕಂದಾಯಿತು, ಕಂದು ಕಪ್ಪಾಯಿತು.

ಕಲ್ಲು ತೆಗೆದುಕೊಂಡು ಚೌಕಕ್ಕೆ ಹೋದೆ. ಕಸ್ತೂರಿಯ ಹೆಸರೇ ಬರುತ್ತದೆಂದು ಜನ ಆಗಲೇ ದೊಡ್ಡ ಹಂಡೆಯ ಕಡೆ ತಿರುಗಿದ್ದರು.

“ಯಾರ ಮೇಲೆ?”

“ದೊರೆಸ್ವಾಮಿ.”

“ಓ, ಮತ್ತೆ ಮೆತ್ತನೆ ಹೆಸರಿಗೆ ಬಂದ್ಳಪ್ಪ,” ಎಂದು ಯಾರೋ ಗೊಣಗಿದರು. ಗುಂಪು ಕರಗಿತು, ಅವರವರ ಹಂಡೆ ಅವರವರಿಗೆ ಕಾದಿತ್ತು.

ಅವನು ಕರೆಯನ್ನು ನಿರೀಕ್ಷಿಸಿರಲಿಲ್ಲ. ಓಡಿಬಂದ. ಅಂಗಿಯ ಗುಂಡಿ ಮೇಲೆ ಕೆಳಗಾಗಿ, ತಲೆ ಬಾಚದೆ, ಶಾಲು ಮಾತ್ರ ಹೇಗೋ ಹೆಗಲ ಮೇಲಿತ್ತು. ನನ್ನ ಮುಖ ನೋಡಲಿಲ್ಲ. ಕೂತು, ಗಂಟಲು ಸರಿಮಾಡಿಕೊಂಡು, ತಿದಿಯನ್ನು ಒಮ್ಮೆ ಒತ್ತಿದ, ಇನ್ನೊಮ್ಮೆ ಒತ್ತಿದ.

ಬಸಲಿಂಗ ಕಲ್ಲನ್ನು ಹೊರಗೆ ತೆಗೆದು ಇಕ್ಕಳದಲ್ಲಿ ಆಚೆ ಈಚೆ ತಿರುಗಿಸಿದ. ಎಲ್ಲಿಯೂ ಬೂದುಬಣ್ಣ ಕಾಣಲಿಲ್ಲ. ನನ್ನನ್ನು ನೋಡಿದ, ಕಲ್ಲನ್ನು ನೋಡಿದ, ಏನೋ ಅರ್ಥವಾದವನಂತೆ ಬಾಯಿ ತೆರೆದು, ಅರ್ಥವಾಗದೆ ಮುಚ್ಚಿಕೊಂಡ.

“ಏನ್ರೀ ಸ್ವಾಮಿ, ಇವರ ಕಲ್ಲು ನಿಮ್ಮ ಕೈಯಲ್ಲಿ ಇಷ್ಟು ಬೆಳ್ಳಗೆ ಯಾವತ್ತೂ ಆಗಿರಲಿಲ್ಲ.”

ದೊರೆಸ್ವಾಮಿ ಎದ್ದು, ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ಕೈ ಪಳಗಬೇಕಲ್ಲಯ್ಯಾ,” ಎಂದ.